ಪಾಯಸದ ಪಾತ್ರೆಯ ಕೆಳಗಿನ ಆಮೆ

ಹೊಂಗೆಕೆರೆಯ ದಂಡೆಯ ಕಾಡಿನಲ್ಲಿ, ದೊಡ್ಡ ಆಲದ ಮರದ ಕೆಳಗೆ ಪ್ರಾಣಿಗಳದ್ದೊಂದು ಚರ್ಚು ಇತ್ತು, ಮಕ್ಕಳೇ. ಗೋಡೆಯಿಲ್ಲ, ಗಂಟೆಯಿಲ್ಲ, ಮರಕುಟಿಗ ಕೊಂಬೆ ಕುಟ್ಟಿದರೆ ಆರಾಧನೆ ಶುರು. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರೀತಿಭೋಜನ. ಅದಕ್ಕೊಂದು ಪದ್ಧತಿ ಇತ್ತು: ಯಾರೂ ತಮ್ಮ ಎಲೆಗೆ ತಾವೇ ಬಡಿಸಿಕೊಳ್ಳಬಾರದು, ಪಕ್ಕದವರು ಬಡಿಸಬೇಕು.

ಈ ಪದ್ಧತಿಯಿಂದಾಗಿ ಸಮಾಧಾನಪ್ಪ ಎಂಬ ಆಮೆಗೆ ಪ್ರತಿ ತಿಂಗಳೂ ಉಪವಾಸ. ಬೇರೆ ಕೆರೆಯಿಂದ ಬಂದು ವರ್ಷವಾಗಿದ್ದರೂ ಅವನು ಕೂರುತ್ತಿದ್ದುದು ಮೂಲೆಯಲ್ಲಿ, ಒಬ್ಬನೇ. ಯಾರಾದರೂ ಇತ್ತ ನೋಡಿದರೆ ಸಾಕು, ತಲೆ ಚಿಪ್ಪಿನೊಳಗೆ! ಒಳಗೆ ಕೂತು ಗೊಣಗುವನು: “ಎಷ್ಟು ಜಂಬ ಇವರಿಗೆ! ಒಬ್ಬರಾದರೂ ಬಂದು ಮಾತಾಡಿಸಬಾರದೇ? ನಾನಾಗಿ ಹೋಗುವುದೇ? ಛೆ!”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ. ಪಾಪ, ಅವನಿಗೆ ಜುಟ್ಟೂ ಇರಲಿಲ್ಲ.

ಒಂದು ಭಾನುವಾರ ಪಾಯಸದ ಪಾತ್ರೆ ಹೊತ್ತ ಕೋತಿಯಣ್ಣ ಜಾಗ ಹುಡುಕುತ್ತಾ ಬಂದ. “ಆಹಾ, ಒಳ್ಳೇ ಕಲ್ಲು!” ಎಂದು ಪಾತ್ರೆಯನ್ನು ಸಮಾಧಾನಪ್ಪನ ಬೆನ್ನ ಮೇಲಿಟ್ಟು ಹೋದ.

“ಭೇಷ್, ಸಭೆಯಲ್ಲಿ ನನಗೂ ಒಂದು ಸ್ಥಾನ ಸಿಕ್ಕಿತು,” ಎಂದುಕೊಂಡ ಸಮಾಧಾನಪ್ಪ. “ಹಸಿದವನ ಬೆನ್ನ ಮೇಲೆ ಪಾಯಸ!”

ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಬಂದು ಕೂತ ಸದ್ದಾಯಿತು.

“ಕಲ್ಲಪ್ಪಾ, ನಿನ್ನ ಹತ್ರ ಒಂದು ಗಳಿಗೆ ಕೂರ್ತೀನಿ. ನಿನಗಾದ್ರೆ ನನ್ನ ಮುಳ್ಳು ಚುಚ್ಚಲ್ಲ. ನಾನು ಎಸ್ತೇರಮ್ಮ, ಮುಳ್ಳುಹಂದಿ. ಗುಡ್ಡದಾಚೆಯಿಂದ ಇವತ್ತೇ ಬಂದೆ. ಯಾರೂ ಮಾತಾಡಿಸಲಿಲ್ಲ, ನನಗೂ ಬಾಯಿ ಬರಲಿಲ್ಲ. ಜಂಬದೋರು ಕಣಪ್ಪಾ ಎಲ್ಲಾ! ಹೊರಟೆ, ಇನ್ನು ಈ ಕಡೆ ತಲೆ ಹಾಕಲ್ಲ.”

ವರ್ಷವಿಡೀ ಸಮಾಧಾನಪ್ಪ ಬೈದ ಬೈಗುಳವೇ ಈಗ ಅವನಿಗೇ ಬಿದ್ದಿತ್ತು. ಎಸ್ತೇರಮ್ಮ ಎದ್ದೇಬಿಟ್ಟಳು. ತಲೆ ಹೊರಗೆ ಚಾಚಿದರೆ ಪಾತ್ರೆ ಉರುಳುತ್ತದೆ, ಎಲ್ಲರೂ ನಗುತ್ತಾರೆ. ಚಾಚದಿದ್ದರೆ ಇವಳು ಹಸಿದುಕೊಂಡೇ ಹೋಗುತ್ತಾಳೆ, ಮತ್ತೆ ಬರುವುದಿಲ್ಲ.

“ಹೋಗಬೇಡಿ ಅಕ್ಕಾ!” ಎಂದು ತಲೆ, ನಾಲ್ಕು ಕಾಲು ಎಲ್ಲ ಒಟ್ಟಿಗೇ ಹೊರಗೆ ಚಾಚಿದ. ಪಾತ್ರೆ ದಡಾರನೆ ಉರುಳಿತು. ಪಾಯಸ ಅವನ ನೆತ್ತಿಯಿಂದ ಮೂಗಿನವರೆಗೆ ಇಳಿಯಿತು.

“ಅಯ್ಯಯ್ಯೋ, ಕಲ್ಲು ಮಾತಾಡ್ತು!” ಎಸ್ತೇರಮ್ಮ ಹೌಹಾರಿದಳು.

“ಕಲ್ಲಲ್ಲ ಅಕ್ಕಾ, ಆಮೆ. ನಿಮ್ಮ ತಪ್ಪಲ್ಲ ಬಿಡಿ, ವರ್ಷದಿಂದ ಕಲ್ಲಿನ ಹಾಗೇ ಕೂತಿದ್ದೆ. ಇಲ್ಲಿರೋ ಜಂಬದೋರಲ್ಲಿ ಮೊದಲನೆಯವನು ನಾನೇ.”

ಸಭೆಗೆ ಸಭೆಯೇ ಘೊಳ್ಳೆಂದು ನಕ್ಕಿತು. ಕೋತಿಯಣ್ಣ ಓಡಿ ಬಂದು ತಲೆ ಚಚ್ಚಿಕೊಂಡ. “ಅಯ್ಯೋ ಮಾರಾಯ, ನೀನಾ ಇದು? ಹೋದ ತಿಂಗಳು ನಿನ್ನ ಮೇಲೇ ಕೂತು ಊಟ ಮಾಡಿದೆನಲ್ಲೋ!”

“ಗೊತ್ತಣ್ಣಾ, ಎರಡು ಸಲ ತೇಗಿದ್ದೂ ಗೊತ್ತು,” ಎಂದು ಸಮಾಧಾನಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅಷ್ಟು ಹಗುರ ಅವನಿಗೆ ಎಂದೂ ಆಗಿರಲಿಲ್ಲ.

ಪಾತ್ರೆಯ ತಳದಲ್ಲಿ ಇನ್ನೂ ಸ್ವಲ್ಪ ಪಾಯಸ ಉಳಿದಿತ್ತು. ಅವನು ಎಸ್ತೇರಮ್ಮನ ಎಲೆಗೆ ಬಡಿಸಿದ, ಅವಳು ಅವನ ಎಲೆಗೆ ಬಡಿಸಿದಳು. ಮೂಗಿನ ಮೇಲಿದ್ದುದನ್ನು ಮಾತ್ರ ಅವನೇ ನೆಕ್ಕಿಕೊಂಡ. ಅದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ.

ನೀತಿ: ಯಾರೂ ನನ್ನನ್ನು ಮಾತಾಡಿಸುತ್ತಿಲ್ಲ ಎಂದು ಕೊರಗುವ ಮೊದಲು ಪಕ್ಕದವರನ್ನು ನೀವೇ ಮಾತಾಡಿಸಿ, ಅವರೂ ಅದಕ್ಕೇ ಕಾದು ಕೂತಿರುತ್ತಾರೆ.