ಗೌಡರು ತುಳಿದ ಬ್ರೇಕು

ಹಳೇ ಟ್ರ್ಯಾಕ್ಟರಿನ ಬ್ರೇಕ್ ಪೈಪಿನೊಳಗೆ ಗಾಳಿ ಸೇರಿತ್ತು. ಎಷ್ಟು ತುಳಿದರೂ ಗಾಡಿ ನಿಲ್ಲುತ್ತಿರಲಿಲ್ಲ. ದಾರಿಯಲ್ಲಿ ಕಡಿದಾದ ಇಳಿಜಾರು ಬೇರೆ. ಆದರೂ ಮಾಲೀಕ ಶಂಕ್ರಗೌಡರು, "ರಿಪೇರಿ ನಾಳೆ. ಈಗ ಕಬ್ಬು ಹೇರು, ಆಳುಗಳನ್ನೂ ಹತ್ತಿಸು" ಎಂದು ಡ್ರೈವರ್ ಯಮನಪ್ಪನನ್ನು ಗದರಿದರು.

"ಆಗ್ಲಿರಿ ಗೌಡ್ರ. ಆದ್ರ ಪೆಡಲ್ ನನ್ನ ಮಾತು ಕೇಳವಲ್ದು. ಒಮ್ಮೆ ನಿಮ್ಮ ಕಾಲಿನ ಗತ್ತು ತೋರಿಸ್ರಿ."

ಗೌಡರು ಧೋತರ ಎತ್ತಿಕಟ್ಟಿ ಸೀಟಿನಲ್ಲಿ ಕುಳಿತರು. ಯಮನಪ್ಪ ಬ್ರೇಕ್ ಎಣ್ಣೆ ತುಂಬಿಸಿ, ನಟ್ಟು ತಿರುಗಿಸುವ ಪಾನಾ ಹಿಡಿದು ಗಾಡಿಯ ಕೆಳಗೆ ತೂರಿದ.

"ತುಳೀರಿ... ಹಂಗ ಹಿಡೀರಿ... ಈಗ ಬಿಡ್ರಿ."

ಗೌಡರು ತುಳಿದು ಹಿಡಿದಾಗಲೆಲ್ಲ ಅವನು ಬ್ರೇಕ್ ಪೈಪಿನ ನಟ್ಟು ಸಡಿಲಿಸಿ ಗಾಳಿ ಹೊರಗೆ ಬಿಟ್ಟು ಮತ್ತೆ ಬಿಗಿ ಮಾಡಿದ. ಕೊನೆಗೆ ಪೆಡಲ್ ಗಟ್ಟಿಯಾಯಿತು.

"ನೋಡಿದ್ಯಾ? ಬ್ರೇಕ್ ಸರೀನ ಐತಿ!" ಎಂದರು ಗೌಡರು ಬೆವರು ಒರೆಸುತ್ತ.

"ಹೌದ್ರಿ, ನಿಮಗ ಅಂಜಿ ಸರಿಹೋತು" ಎಂದು ಯಮನಪ್ಪ ಆಳುಗಳನ್ನು ಹತ್ತಿಸಿಕೊಂಡ.