ಲಾಳದ ಗುರುತು ಬಿದ್ದ ಎರಡು ಅರ್ಜಿಗಳು

"ಬುದ್ಧಿ, ನೂರು ಜನರ ಜೊತೆ ತಾನೂ ಒಂದು ಸಹಿ ಹಾಕಿದವನಿಗೆ, ಆ ಕಾಗದದಿಂದ ಆಗುವ ಕೆಲಸದಲ್ಲಿ ಎಷ್ಟು ಪಾಲು?"

ಕೇಳಿದವನು ಮಠದ ಶಿಷ್ಯ ಮರುಳಸಿದ್ಧ. ಪೇಟೆಯ ಹಿರಿಯರು ಅವನ ಕೈಗೆ ಎರಡು ಕಾಗದ ಕೊಟ್ಟು, ಗುರುಗಳ ಸಹಿ ಹಾಕಿಸಿಕೊಂಡು ಬಾ ಎಂದಿದ್ದರು. ದೊಡ್ಡದನ್ನು ಅವನು ಗುರುಗಳ ಮುಂದೆ ಇಟ್ಟಿದ್ದ. ಮಠದ ಬೀದಿಯಲ್ಲಿರುವ ಗೂಡಂಗಡಿಗಳನ್ನೆಲ್ಲ ಎತ್ತಿಸಬೇಕೆಂದು ಪುರಸಭೆಗೆ ಬರೆದ ಅರ್ಜಿ ಅದು. ಚಿಕ್ಕದು ಇನ್ನೂ ಚೀಲದಲ್ಲೇ ಇತ್ತು. ಒಂದು ಮುಗಿದ ಮೇಲೆ ಇನ್ನೊಂದು ಎಂದುಕೊಂಡಿದ್ದ.

ಗುರುಗಳು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಮಠಕ್ಕೆ ಬರುವ ಮೊದಲು ಅವರು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಪುರಾಣಕ್ಕಿಂತ ಸರ್ಕಾರಿ ದಫ್ತರದ ಮೇಲೆ ಅವರಿಗೆ ನಂಬಿಕೆ ಹೆಚ್ಚು. ಅದೂ ಬಹಳವೇನಲ್ಲ.

"ಕೂತುಕೋ" ಎಂದು ಹೇಳಿ ಕತೆ ಶುರುಮಾಡಿದರು.

ಅಮೆರಿಕದವರು ತಮ್ಮ ಅರಸನನ್ನು ಕಳಚಿಕೊಂಡು ಬಹಳ ವರ್ಷ ಆಗಿರಲಿಲ್ಲ. ಮನುಷ್ಯರೆಲ್ಲ ಸಮಾನರು ಎಂದು ಬರೆದುಕೊಂಡಿದ್ದರು. ಬರೆದವರ ಮನೆಗಳಲ್ಲಿ ಗುಲಾಮರಿದ್ದರು. ದಕ್ಷಿಣದ ಒಂದು ರಾಜ್ಯದಲ್ಲಿ ಒಂದು ಕಾನೂನು ಬಂತು: ಬಿಡುಗಡೆಯಾದ ಗುಲಾಮ ಒಂದು ವರ್ಷದೊಳಗೆ ರಾಜ್ಯ ಬಿಟ್ಟು ಹೋಗಬೇಕು, ಹೋಗದಿದ್ದರೆ ಹಿಡಿದು ಮತ್ತೆ ಮಾರಬಹುದು. ಉಳಿಯಬೇಕೆಂದರೆ ಶಾಸನಸಭೆಯೇ ಅಪ್ಪಣೆ ಕೊಡಬೇಕು.

ಆ ರಾಜ್ಯದ ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಯಜಮಾನ ಸಾಯುವ ಮುಂಚೆ ಉಯಿಲು ಬರೆದು ಅವನನ್ನು ಬಿಡುಗಡೆ ಮಾಡಿದ. ಕಮ್ಮಾರನ ಹೆಂಡತಿ ಪಕ್ಕದ ಜಮೀನ್ದಾರನ ಗುಲಾಮಳು. ಇವನು ಹೋದರೆ ಅವಳು ಜೊತೆಗೆ ಬರುವಂತಿಲ್ಲ. ಉಳಿದರೆ ಇವನನ್ನೂ ಮಾರುತ್ತಾರೆ. ಬಿಡುಗಡೆಯಾದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಅವನಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಬಿಡುಗಡೆ ಮಾಡಿದವನು ಸತ್ತಿದ್ದ.

ಊರಿನವರಿಗೆ ಅವನು ಬೇಕಾಗಿದ್ದ. ಗಿರಣಿಯವನು ಮುಂದೆ ನಿಂತು ಅರ್ಜಿ ಬರೆಸಿದ. ಈ ಕಮ್ಮಾರ ಸಭ್ಯ, ದುಡಿಮೆಗಾರ, ಇವನನ್ನು ಇಲ್ಲೇ ಇರಲು ಬಿಡಬೇಕು ಎಂದು ಅದರಲ್ಲಿತ್ತು. ಕುದುರೆ ಇದ್ದವರೆಲ್ಲ ಒಂದಲ್ಲ ಒಂದು ದಿನ ಕುಲುಮೆಗೆ ಬರಲೇಬೇಕು. ಆದ್ದರಿಂದ ಕಾಗದವನ್ನು ಅಲ್ಲೇ ಹಲಗೆಯ ಮೇಲೆ ಇಟ್ಟರು. ತಿದಿಯ ಗಾಳಿಗೆ ಹಾರದಿರಲಿ ಎಂದು ಕಮ್ಮಾರ ಅದರ ಮೇಲೆ ಒಂದು ಹಳೆಯ ಲಾಳ ಹೇರಿದ. ನಲವತ್ತೆರಡು ಜನ ಸಹಿ ಹಾಕಿದರು.

ಮುಂದಿನ ವಾರ ಅದೇ ಹಲಗೆಯ ಮೇಲೆ ಇನ್ನೊಂದು ಕಾಗದ ಬಂತು. ಕಮ್ಮಾರನಿಗೆ ಓದು ಬರದು.

"ಇದೂ ನನ್ನ ವಿಷಯವೇ, ದಣಿ?" ಎಂದು ಗಿರಣಿಯವನನ್ನು ಕೇಳಿದ.

"ಇಲ್ಲಪ್ಪ, ಇದಕ್ಕೂ ನಿನಗೂ ಸಂಬಂಧವಿಲ್ಲ. ಇದು ಸಾರ್ವಜನಿಕ ವಿಷಯ."

ರಸ್ತೆಯದ್ದೋ ಸೇತುವೆಯದ್ದೋ ಇರಬೇಕು ಎಂದುಕೊಂಡು ಕಮ್ಮಾರ ಅದರ ಮೇಲೂ ಅದೇ ಲಾಳ ಹೇರಿದ. ಮಸಿ ಒಣಗಿದಾಗ ಎರಡು ತೊಟ್ಟು ನೀರನ್ನೂ ಬೆರೆಸಿಕೊಟ್ಟ.

ಶಾಸನಸಭೆ ಸೇರಿದಾಗ ಅವನ ವರ್ಷ ತುಂಬಲು ಮೂರು ವಾರ ಉಳಿದಿತ್ತು. ನಾಲ್ಕು ದಿನ ನಡೆದು ರಾಜಧಾನಿಗೆ ಹೋದ. ಒಳಗೆ ಕೂರಲು ಅವನಂಥವರಿಗೆ ಜಾಗವಿರಲಿಲ್ಲ. ಸಭಾಂಗಣದ ಬಾಗಿಲು ಕಿರುಗುಟ್ಟುತ್ತಿತ್ತು. ಅವನು ಅದರ ಕೀಲು ಸರಿಮಾಡಿಕೊಟ್ಟ. ಬಾಗಿಲು ಕಾಯುವವನು ಸಂತೋಷಪಟ್ಟು, ಹೊಸ್ತಿಲ ಆಚೆ ನಿಂತು ಕೇಳು ಎಂದ.

ನಿಂತು ಕೇಳಿದ. ಮೊದಲ ದಿನ ಒಬ್ಬ ದೋಣಿಯವನ ಅರ್ಜಿ ಬಂತು. ಎದುರು ದಡದ ದೋಣಿಯವನನ್ನು ನಿಲ್ಲಿಸಬೇಕಂತೆ. ಆಮೇಲೆ ಯುದ್ಧದಲ್ಲಿ ಕಾಲು ಹೋದ ಸೈನಿಕನದು. ಯಾವ ಕಾಲು ಎಂದು ಅರ್ಜಿಯಲ್ಲಿ ಬರೆದಿರಲಿಲ್ಲ, ಅದಕ್ಕೆ ವಾಪಸು ಹೋಯಿತು. ಸಭಾಂಗಣದ ಒಲೆಗೆ ದಿನಕ್ಕೆ ಎಷ್ಟು ಸೌದೆ ಎಂಬುದರ ಮೇಲೆ ಅರ್ಧ ದಿನ ಚರ್ಚೆಯಾಯಿತು. ಯಾವ ವಿಷಯವನ್ನಾದರೂ ಮೂರು ಬೇರೆ ಬೇರೆ ದಿನ ಮೂರು ಸಲ ಓದಬೇಕೆಂಬುದು ಅಲ್ಲಿಯ ನಿಯಮ. ಆತುರದಲ್ಲಿ ಅನ್ಯಾಯ ಆಗಬಾರದೆಂದು ಹಾಗೆ ಮಾಡಿದ್ದರು.

ಏಳನೆಯ ದಿನ ಕಮ್ಮಾರನ ಸರದಿ ಬಂತು. ಗುಮಾಸ್ತ ಅರ್ಜಿ ಓದಿದ, ಹೆಸರುಗಳನ್ನೂ ಓದಿದ. ಊರವರ ಹೆಸರು ಕೇಳಿ ಕಮ್ಮಾರನಿಗೆ ಎದೆ ತುಂಬಿತು. ಓದಿ ಮುಗಿಸಿದ ಗುಮಾಸ್ತ ಕೂರಲಿಲ್ಲ. ಅದೇ ಜಿಲ್ಲೆಯಿಂದ ಇನ್ನೊಂದು ಅರ್ಜಿ ಬಂದಿದೆ ಎಂದು ಅದನ್ನೂ ಓದಿದ. ಬಿಡುಗಡೆಯಾದವರು ಎಲ್ಲರೂ ಕಾನೂನಿನಂತೆ ರಾಜ್ಯ ಬಿಡಬೇಕು. ಸಭೆ ಒಬ್ಬನಿಗೂ ವಿನಾಯಿತಿ ಕೊಡಬಾರದು. ಅದರ ಕೆಳಗೆ ಅರವತ್ತೇಳು ಹೆಸರು. ಅವುಗಳಲ್ಲಿ ಮೂವತ್ತೆಂಟು ಮೊದಲಿನವೇ.

ಗುಮಾಸ್ತ ಎರಡನ್ನೂ ಎತ್ತಿ ಹಿಡಿದ. ಎರಡರ ಮೇಲೂ ತುಕ್ಕಿನ ಲಾಳದ ಗುರುತಿತ್ತು. ಕಮ್ಮಾರನಿಗೆ ಅಕ್ಷರ ಬರದಿದ್ದರೂ ತನ್ನ ಲಾಳ ತಿಳಿಯಿತು.

"ನನಗೆ ಅರ್ಥವಾಗುತ್ತಿಲ್ಲ" ಎಂದ ಅಧ್ಯಕ್ಷ. ಗಿರಣಿಯವನು ತನ್ನ ಕಾಲುವೆಯ ಕೆಲಸಕ್ಕೆಂದು ರಾಜಧಾನಿಗೆ ಬಂದು ಗ್ಯಾಲರಿಯಲ್ಲೇ ಕೂತಿದ್ದ. ಅವನನ್ನು ಕೆಳಕ್ಕೆ ಕರೆಸಿದರು.

"ಎರಡೂ ಸಹಿ ನಿಮ್ಮದೇ?"

"ನನ್ನದೇ, ಸ್ವಾಮಿ."

"ಇವೆರಡರಲ್ಲಿ ನಿಮ್ಮ ಅಭಿಪ್ರಾಯ ಯಾವುದು?"

"ಎರಡೂ. ಅದು ಅಂಥವರ ವಿಷಯ. ಇದು ನಮ್ಮ ಕಮ್ಮಾರನ ವಿಷಯ."

"ಕಮ್ಮಾರ ಅಂಥವನಲ್ಲವೇ?"

"ಅವನು ನಮಗೆ ಗೊತ್ತಿರುವವನು, ಸ್ವಾಮಿ" ಎಂದ ಗಿರಣಿಯವನು. ಅಷ್ಟೂ ತಿಳಿಯದವರು ರಾಜ್ಯ ಹೇಗೆ ಆಳುತ್ತಾರೆ ಎಂದು ಅವನಿಗೆ ಆಶ್ಚರ್ಯವಾಯಿತು.

ಒಬ್ಬ ಮುದಿ ಸದಸ್ಯ ಎದ್ದು, ನಮ್ಮ ಜಿಲ್ಲೆಯಿಂದಲೂ ಹೀಗೇ ಜೋಡಿ ಅರ್ಜಿ ಬಂದಿದೆ, ನಮ್ಮದು ಕ್ಷೌರಿಕ ಎಂದ. ನಮ್ಮದು ಸೂಲಗಿತ್ತಿ ಎಂದ ಇನ್ನೊಬ್ಬ. ಸಭೆ ನಕ್ಕಿತು. ಲೆಕ್ಕ ಹಾಕಿ ನೋಡಿದರೆ, ಎಲ್ಲರೂ ಹೋಗಲಿ ಎಂಬುದಕ್ಕೆ ಎಲ್ಲ ಜಿಲ್ಲೆಗಳ ಒಪ್ಪಿಗೆ ಇತ್ತು. ಇಂಥವನೊಬ್ಬ ಇರಲಿ ಎಂಬುದಕ್ಕೆ ಅವನ ಊರಿನದು ಮಾತ್ರ. ಪ್ರಜೆಗಳ ಇಚ್ಛೆ ಇಷ್ಟು ಸ್ಪಷ್ಟವಾಗಿ ಕಂಡದ್ದು ಅಪರೂಪ ಎಂದು ಅಧ್ಯಕ್ಷ ಹೇಳಿದ.

ಕಮ್ಮಾರನ ಅರ್ಜಿಯನ್ನು ತಿರಸ್ಕರಿಸಲಿಲ್ಲ. ಮರುದಿನ ಎರಡನೆಯ ಸಲವೂ ಓದಿದರು. ಮೂರನೆಯ ಓದನ್ನು ಸೋಮವಾರಕ್ಕೆ ಇಟ್ಟುಕೊಂಡರು. ಅಧಿವೇಶನ ಶನಿವಾರ ಮುಗಿಯಿತು.

ಗಿರಣಿಯವನು ಹೊರಗೆ ಬಂದು ಕಮ್ಮಾರನ ಕೈ ಹಿಡಿದುಕೊಂಡ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ನಿನ್ನ ಪರವಾಗಿಯೇ ಮಾತಾಡಿದೆ, ಕೇಳಿಸಿತಲ್ಲ? ಈ ಸಭೆಯವರಿಗೆ ಮನುಷ್ಯತ್ವವೇ ಇಲ್ಲ. ಅಂದಹಾಗೆ, ನನ್ನ ಕುದುರೆಯ ಹಿಂಗಾಲಿನ ಲಾಳ ಸಡಿಲವಾಗಿದೆ. ಹೊರಡುವ ಮುಂಚೆ ಒಂದಿಷ್ಟು ನೋಡಪ್ಪ."

ಕಮ್ಮಾರ ಯಾರ ಮೇಲೆ ಸಿಟ್ಟಾಗಬೇಕೆಂದು ಯೋಚಿಸಿದ. ಈ ಮನುಷ್ಯ ತನಗಾಗಿ ಅರ್ಜಿ ಬರೆಸಿದವನು. ಸಭೆಯವರು ತನ್ನ ಮುಖವನ್ನೇ ನೋಡಿರಲಿಲ್ಲ. ಎರಡೂ ಕಾಗದ ಹಾರಿಹೋಗದಂತೆ ನೋಡಿಕೊಂಡವನು ತಾನೇ. ಯೋಚಿಸುತ್ತಲೇ ಒಂದು ಸುತ್ತಿಗೆ ಎರವಲು ತಂದು ಲಾಳ ಬಿಗಿಮಾಡಿದ. ಚೆನ್ನಾಗಿಯೇ ಮಾಡಿದ.

ಆಗ ಅವನಿಗೆ ಒಂಬತ್ತು ದಿನ ಉಳಿದಿತ್ತು. ಊರಿಗೆ ನಾಲ್ಕು ದಿನದ ದಾರಿ, ಊರಿನಿಂದ ಗಡಿಗೆ ಐದು ದಿನದ ದಾರಿ. ಊರಿಗೆ ಹೋಗಿ, ಹೆಂಡತಿ ಕೊಟ್ಟ ಒಂದು ಲೋಟ ನೀರು ಕುಡಿದು ಹೊರಟ. ಅದಕ್ಕಿಂತ ಹೆಚ್ಚು ಹೊತ್ತು ಇರಲಿಲ್ಲ. ಮೂವತ್ತೆಂಟು ಜನವೂ ಊರ ಅಂಚಿನವರೆಗೆ ಬಂದು ಕಳಿಸಿಕೊಟ್ಟರು. ಒಬ್ಬ ರೊಟ್ಟಿ ಕೊಟ್ಟ, ಒಬ್ಬ ಕಂಬಳಿ ಕೊಟ್ಟ. ಮರುವರ್ಷ ಅದೇ ಊರಿನಿಂದ ಸಭೆಗೆ ಅರ್ಜಿ ಬಂತು: ಊರಿನಲ್ಲಿ ಕಮ್ಮಾರನಿಲ್ಲದೆ ಬಹಳ ತೊಂದರೆಯಾಗಿದೆ.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧನಿಗೆ ತಲೆ ಕೆಟ್ಟಂತಾಯಿತು. "ಆ ಮೂವತ್ತೆಂಟು ಜನ ಕಪಟಿಗಳೇ, ಬುದ್ಧಿ?"

"ಅಲ್ಲ. ಅವರಲ್ಲಿ ಒಬ್ಬನೂ ಸುಳ್ಳು ಹೇಳಲಿಲ್ಲ."

"ಹಾಗಾದರೆ ಕಮ್ಮಾರನನ್ನು ಓಡಿಸಿದವರು ಯಾರು?"

ಕೇಳಿದ ಮೇಲೆ ಮರುಳಸಿದ್ಧನಿಗೆ ತನ್ನ ಕೈ ಚೀಲದ ಬಾಯನ್ನು ಬಿಗಿಯಾಗಿ ಹಿಡಿದುಕೊಂಡಿರುವುದು ತಿಳಿಯಿತು. ಒಳಗಿದ್ದ ಚಿಕ್ಕ ಕಾಗದದಲ್ಲಿ, ದೊಡ್ಡದಕ್ಕೂ ಸಹಿ ಹಾಕಿದ್ದ ಪೇಟೆಯ ಹಿರಿಯರದೇ ಹತ್ತು ಸಹಿಗಳಿದ್ದವು, ಹನ್ನೊಂದನೆಯದು ಅವನದು. ಗೂಡಂಗಡಿಗಳನ್ನೆಲ್ಲ ಎತ್ತಿಸುವಾಗ, ಮಠದವರ ಚಪ್ಪಲಿ ಹೊಲಿಯುವ ದುರುಗಪ್ಪ ಒಬ್ಬನನ್ನು ಬಿಡಬೇಕು, ಅವನು ನಮಗೆ ಗೊತ್ತಿರುವವನು ಎಂದು ಅದರಲ್ಲಿ ಬರೆದಿತ್ತು. ಆ ಕಾಗದದ ಮಾತನ್ನು ಅವನು ಗುರುಗಳಿಗೆ ಇನ್ನೂ ಹೇಳಿರಲಿಲ್ಲ.

ಗುರುಗಳು ಚೀಲದ ಮೇಲಿನ ಕೈಯನ್ನು ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ಕೇಳಿದರು:

"ಸಹಿ ಒಂದಕ್ಕೆ ಸಾಕೋ, ಎರಡಕ್ಕೂ ಬೇಕೋ?"