ಜಟ್ಟಪ್ಪನ ಸರಪಳಿ

ಕಡಲನ್ನೂ ಕಿಡಿಯನ್ನೂ ಒಂದೇ ಅಂಗೈಯಲ್ಲಿ ಹಿಡಿದ ಸ್ವಾಮಿಗೆ ಮೊದಲು ಕೈಮುಗಿಯೋಣ. ನಮ್ಮನ್ನೆಲ್ಲ ಹೊತ್ತ ಭೂಮಿತಾಯಿಗೆ ಅಡ್ಡಬೀಳೋಣ. ಯಾಕೆಂದರೆ ಈ ಕತೆಯಲ್ಲಿ ಕೈಹಿಡಿದವಳು ಅವಳೇ.

ಬಹಳ ಹಿಂದೆ, ಕಡಲಂಚಿನ ಒಂದೂರಿನಲ್ಲಿ ಜಟ್ಟಪ್ಪ ಎಂಬ ಲೈನ್‌ಮನ್ ಇದ್ದನಂತೆ. ಕಂಬಕ್ಕೆ ಕಿವಿಯಿಟ್ಟರೆ ಸಾಕು, ಎಷ್ಟನೆಯ ಕಂಬದಲ್ಲಿ ತಂತಿ ಕೂರಿಸುವ ಪಿಂಗಾಣಿ ಬಟ್ಟಲು ಬಿರುಕುಬಿಟ್ಟಿದೆ ಎಂದು ಹೇಳುತ್ತಿದ್ದನಂತೆ. ಇರಬಹುದು, ದೇವರು ಯಾರ ಕಿವಿಗೆ ಏನು ಕೊಟ್ಟಿರುತ್ತಾನೋ! ಆ ಊರಿನ ಗಾಳಿಯಲ್ಲೇ ಉಪ್ಪು. ಅದು ಕಂಬದ ಪಿಂಗಾಣಿ ಬಟ್ಟಲುಗಳ ಮೇಲೆ ಕೂರುತ್ತಿತ್ತು. ಮಂಜು ಬಿದ್ದೊಡನೆ ಕಿಡಿ ಹಾರಿ ಕರೆಂಟು ಹೋಗುತ್ತಿತ್ತು. ಜಟ್ಟಪ್ಪ ಕಂಬ ಹತ್ತಿ, ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದನ್ನೂ ತಿಕ್ಕಿ, ಒಣಗಿಸಿ ಇಳಿಯುತ್ತಿದ್ದ.

ಹತ್ತುವ ಮೊದಲು ಅವನದೊಂದು ನೇಮ. ಲೈನಿನ ಕರೆಂಟು ನಿಲ್ಲಿಸಿದ್ದೇವೆ ಎಂದು ಆಫೀಸಿನವರು ಎಷ್ಟು ಹೇಳಿದರೂ ಬಿಡುತ್ತಿರಲಿಲ್ಲ. ಕಂಬದ ಬುಡದಲ್ಲಿ ಕಬ್ಬಿಣದ ಗೂಟ ಹೊಡೆದು, ನೀರೆರೆದು, ಅದಕ್ಕೆ ಸರಪಳಿ ಬಿಗಿಯುತ್ತಿದ್ದ. ಸರಪಳಿಯ ಇನ್ನೊಂದು ತುದಿಯನ್ನು ಉದ್ದನೆಯ ಒಣ ಕೋಲಿನಿಂದ ಮೂರೂ ತಂತಿಗಳಿಗೆ ಸಿಕ್ಕಿಸುತ್ತಿದ್ದ. ತಪ್ಪಿ ಕರೆಂಟು ಬಂದರೆ ನೀನೇ ಮಡಿಲಿಗೆ ಹಾಕಿಕೋ ಭೂಮಿತಾಯೇ ಎಂದು ಬೇಡಿಕೊಂಡೇ ಮೊದಲ ಹೆಜ್ಜೆ ಇಡುತ್ತಿದ್ದನಂತೆ.

ಒಂದು ಬೆಳಿಗ್ಗೆ ದೋಣಿಗಳೆಲ್ಲ ಬಂಗುಡೆ ಮೀನು ತುಂಬಿಕೊಂಡು ಬಂದವು. ಅದೇ ಹೊತ್ತಿಗೆ ಮಂಜು ಕವಿದು ಕರೆಂಟು ಹೋಯಿತು, ಐಸ್ ಮಿಲ್ ನಿಂತಿತು. ಬುಟ್ಟಿ ಹೊತ್ತ ಹೆಂಗಸರು ಕಂಬದ ಸುತ್ತ ನೆರೆದರು. ಅವರಲ್ಲಿ ನಾಗವೇಣಿ ಬಾಯಿಗೆ ಹೆಸರಾದವಳು.

"ಏನಾ ಜಟ್ಟಪ್ಪಣ್ಣ, ಕಂಬಕ್ಕೆ ತಾಳಿ ಕಟ್ಟೂದು ಮುಗೀತೋ ಇಲ್ವೋ? ನಿನ್ನ ಮದುವೆ ಊಟಕ್ಕೆ ಕೊಳೆತ ಬಂಗುಡೆನೇ ಗತಿ!"

"ಊಟ ಮಾಡೂಕೆ ನಾನೂ ಇರ್ಬೇಕಲ್ಲ ತಂಗಿ," ಎಂದು ಜಟ್ಟಪ್ಪ ಗೂಟಕ್ಕೆ ನೀರೆರೆದ. ಒಂದು ಗಂಟನ್ನೂ ಬಿಡಲಿಲ್ಲ. ಆಮೇಲೆ ಹತ್ತಿದ.

ಐಸ್ ಮಿಲ್ಲಿನ ಮಂಗೇಶ ಮೆತ್ತನೆಯ ಮನಸ್ಸಿನವನು. ಹೆಂಗಸರ ಮುಖ ನೋಡಲಾರದೆ ಹೊಸ ಜನರೇಟರನ್ನು ಶುರುಮಾಡಿದ. ಮೊದಲು ಸ್ವಿಚ್ಚಿನ ಹಿಡಿ ಎಳೆದು ಮಿಲ್ಲನ್ನು ಊರ ಲೈನಿನಿಂದ ಬಿಡಿಸಬೇಕಿತ್ತು. ಅದನ್ನು ಮರೆತ. ಜನರೇಟರಿನ ಕರೆಂಟು ಊರ ಲೈನಿಗೇ ತಿರುಗಿ ಹರಿದು, ಜಟ್ಟಪ್ಪನಿದ್ದ ಕಂಬಕ್ಕೇ ನುಗ್ಗಿತು.

ಸರಪಳಿ ಛಟ್ಟೆಂದಿತು. ಗೂಟದ ಬುಡದಲ್ಲಿ ನೀರು ಕುದಿಯಿತಂತೆ. ಮಿಲ್ಲಿನಲ್ಲಿ ಜನರೇಟರ್ ಉಸಿರುಕಟ್ಟಿ ನಿಂತಿತು. ಭೂಮಿತಾಯಿ ಮಡಿಲಿಗೆ ಹಾಕಿಕೊಂಡಿದ್ದಳು.

ನಾಗವೇಣಿ ಬುಟ್ಟಿ ಬಿಟ್ಟು ಮರಳಿನಲ್ಲಿ ಕುಸಿದಳು. ಮಂಗೇಶ ಓಡಿಬಂದು, ಇಳಿದುಬಂದ ಜಟ್ಟಪ್ಪನ ಕಾಲಿಗೆ ಬಿದ್ದ. ಜಟ್ಟಪ್ಪ ಅವನನ್ನು ಎಬ್ಬಿಸಿದ. "ನೀ ಕೆಟ್ಟದ್ದು ಬಯಸ್ಲಿಲ್ಲ ಮಾರಾಯಾ. ಲೈನ್ ಬಿಡ್ಸಿ, ಮತ್ಯಾರೂ ಹಾಕ್ದ ಹಾಂಗೆ ಆ ಸ್ವಿಚ್ಚಿನ ಹಿಡಿ ಕಳಚಿ ತಾ."

ಮಂಗೇಶ ತಂದ ಹಿಡಿಯನ್ನು ಜಟ್ಟಪ್ಪ ಸೊಂಟಕ್ಕೆ ಸಿಕ್ಕಿಸಿಕೊಂಡು, ಸುಟ್ಟ ಕೊಂಡಿ ಬದಲಿಸಿ, ಸರಪಳಿ ಮತ್ತೆ ಬಿಗಿದ. ಪುನಃ ಕಂಬ ಹತ್ತಿದ, ಎರಡು ಬಟ್ಟಲು ಬಾಕಿ ಇದ್ದವಲ್ಲ! ಬಂಗುಡೆ ಅರ್ಧ ಉಳಿಯಿತು, ಅರ್ಧ ಗೊಬ್ಬರವಾಗಿ ತೆಂಗಿನ ಬುಡ ಸೇರಿತು. ಯಾರೂ ಅವಸರ ಮಾಡಲಿಲ್ಲ.

ಇಂದಿಗೂ ಆ ಊರಿನಲ್ಲಿ ಲೈನ್‌ಮನ್ ಕಂಬ ಹತ್ತುವ ಮೊದಲು ಮಿಲ್ಲಿಗೆ ಹೋಗಿ ಆ ಹಿಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಮೀನಿನ ಹೆಂಗಸರು ಬುಟ್ಟಿ ಇಳಿಸಿ ಗೂಟಕ್ಕೆ ಒಂದು ತಂಬಿಗೆ ನೀರೆರೆಯುತ್ತಾರೆ. "ಸರಪಳಿ ಹಾಕಿದ್ಯಾ ಅಣ್ಣಾ?" ಎಂದು ಕೇಳುತ್ತಾರೆ. ಹಾಗೆ ಮೊದಲು ಕೇಳಿದವಳು ನಾಗವೇಣಿಯಂತೆ.

ಕೇಳಿದ ನಿಮ್ಮೆಲ್ಲರ ಮನೆಯ ದೀಪ ಆರದಿರಲಿ. ದೀಪಕ್ಕಾಗಿ ಕಂಬ ಹತ್ತಿದವರೆಲ್ಲ ಸುಖವಾಗಿ ನೆಲಕ್ಕಿಳಿಯಲಿ.